ಡಾಕ್ಟರರ ನಡುವೆ ಲೆಕ್ಕದವನು

ನಾಲ್ವರು ಡಾಕ್ಟರರು ಸೇರಿ ಒಂದು ಆಸ್ಪತ್ರೆ ತೆರೆದರೆನ್ನಿ. ರೋಗಕ್ಕೆ ಮದ್ದು ಅವರಿಗೆ ಗೊತ್ತು. ಆದರೆ ಬಂದ ಹಣ ಹಂಚುವುದು ಹೇಗೆ, ರಾತ್ರಿಯ ಸರದಿ ಯಾರದು, ದಾದಿಯರಿಗೆ ಸಂಬಳವೆಷ್ಟು? ಇದನ್ನು ವೈದ್ಯ ಕಾಲೇಜಿನಲ್ಲಿ ಕಲಿಸುವುದು ಕಡಮೆ. ಹಂಚಿಕೆಯ ಜಗಳದಲ್ಲೇ ಒಡೆದುಹೋದ ಆಸ್ಪತ್ರೆಗಳನ್ನು ವಾಚಕರೂ ಕಂಡಿರಬಹುದು.

ಅಮೆರಿಕದಲ್ಲಿ ಈ ತೊಡಕು ಬಹು ಹಿಂದೆಯೇ ತಲೆದೋರಿತು. ಮಿನೆಸೋಟಾ ಸಂಸ್ಥಾನದ ರಾಚೆಸ್ಟರ್ ಊರಿನಲ್ಲಿ ಮೇಯೋ ಸಹೋದರರು ಹಲವು ವೈದ್ಯರನ್ನು ಕೂಡಿಸಿಕೊಂಡು ದುಡಿಯುತ್ತಿದ್ದರು. 1907ರಲ್ಲಿ ಅಲ್ಲಿನ ವೈದ್ಯ ಹೆನ್ರಿ ಪ್ಲಮ್ಮರ್, ರೋಗಿಗೊಂದು ಸಂಖ್ಯೆ, ಅವನದೆಲ್ಲಕ್ಕೂ ಒಂದೇ ಕಡತ ಎಂಬ ಏರ್ಪಾಟು ತಂದರು. ಮರುವರ್ಷ ಲೆಕ್ಕಪತ್ರ ನೋಡಲು ಊರಿನ ಬ್ಯಾಂಕಿನಿಂದ ಹ್ಯಾರಿ ಹಾರ್ವಿಕ್ ಎಂಬ ತರುಣ ಬಂದ. ವೈದ್ಯನಲ್ಲದ ಈತನೇ ಮುಂದೆ ಆಡಳಿತದ ಚುಕ್ಕಾಣಿ ಹಿಡಿದ.

ಇಂಥವನ ಪಾಡು ವಿಚಿತ್ರ. ಡಾಕ್ಟರರ ಕಣ್ಣಿಗೆ ಗುಮಾಸ್ತ, ಗುಮಾಸ್ತರ ಕಣ್ಣಿಗೆ ಯಜಮಾನ. ಕಷ್ಟ ಹೇಳಿಕೊಳ್ಳಲು ಊರಿನಲ್ಲಿ ಸರೀಕನೇ ಇಲ್ಲ. 1926ರಲ್ಲಿ ಈ ಆಡಳಿತಗಾರರು ಒಂದು ಸಂಘ ಕಟ್ಟಿದರು. ಇಂದಿನ ಮೆಡಿಕಲ್ ಗ್ರೂಪ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಅದೇ.

ಸಂಘವೆಂದರೆ ಹಾರ, ಭಾಷಣ, ಉಪಾಹಾರ ಎಂದು ನಾವು ತಿಳಿದಿದ್ದೇವೆ! ಇವರು ಪರೀಕ್ಷೆ ನಡೆಸಿ ಯೋಗ್ಯತಾಪತ್ರ ಕೊಡುತ್ತಾರೆ; ಅದಕ್ಕಿಂತ ಮಿಗಿಲಾಗಿ, ಹಲವು ವೈದ್ಯಸಂಸ್ಥೆಗಳ ಸಂಬಳ, ಖರ್ಚು, ಸಿಬ್ಬಂದಿಯ ಅಂಕಿಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕುತ್ತಾರೆ. ಬೆಂಚಿನ ಮೇಲೆ ಕಾದು ಕುಳಿತ ರೋಗಿಯ ಬೇಸರ ಆ ಅಂಕಿಗಳಲ್ಲಿ ಪೂರ್ತಿ ಕಾಣದು, ನಿಜ. ಆದರೂ ಇನ್ನೊಬ್ಬ ದಾದಿ ಬೇಕೇ ಬೇಡವೇ ಎಂದು ನಾಲ್ವರು ಡಾಕ್ಟರರು ದನಿಯೇರಿಸಿದಾಗ, ಲೆಕ್ಕದವನು ತನ್ನ ಅಭಿಪ್ರಾಯ ಹೇಳಬೇಕಾಗಿಲ್ಲ. ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಸುಮ್ಮನೆ ಕೂರಬಹುದು.