ಹಳೆಯ ಕಾರಿನ ಮೈಯೂ ತಗಡಿನ ಮರ್ಮವೂ

ಎಷ್ಟೋ ಮನೆಗಳ ಅಂಗಳದಲ್ಲಿ, ಹೊಂಗೆಯ ನೆರಳಿನಲ್ಲೋ ಹಂಚಿನ ಮಾಡಿನ ಕೆಳಗೋ, ಹಳೆಯ ಅಂಬಾಸಡರ್ ಅಥವಾ ಫಿಯಟ್ ಕಾರೊಂದು ನಿಂತಿರುವುದುಂಟು. ಅದರ ಎಂಜಿನ್ ಇನ್ನೂ ಗಟ್ಟಿಯಾಗಿರಬಹುದು. ಆದರೆ ಬಾಗಿಲು ನಗ್ಗಿದೆ, ಅಂಚುಗಳನ್ನು ತುಕ್ಕು ತಿಂದಿದೆ, ಬಣ್ಣ ಮಾಸಿದೆ. ಅದನ್ನು ತಾನೇ ತಿದ್ದಿ ತನ್ನ ಮನಸ್ಸಿಗೊಪ್ಪುವ ರೂಪ ಕೊಡಬೇಕೆಂಬ ಆಸೆ ತರುಣರಿಗೆ ಸಹಜವಾದುದು. ಕೈಯಲ್ಲಿ ಹಣ ಹೆಚ್ಚಿಲ್ಲ. ಬಿಡುವು ಉಂಟು, ತೋಳಿನಲ್ಲಿ ಬಲ ಉಂಟು. ಇಷ್ಟೇ ಸಾಕೆ? ಸಾಲದು. ಕಾರಿನ ಭಾರವನ್ನು ಯಾವ ಭಾಗ ಹೊರುತ್ತದೆ, ತಗಡು ಹೇಗೆ ಬಾಗುತ್ತದೆ, ತುಕ್ಕು ಎಲ್ಲಿ ಹುಟ್ಟುತ್ತದೆ ಎಂಬ ಮೂರು ಸಂಗತಿಗಳನ್ನು ಅರಿಯದೆ ಸುತ್ತಿಗೆ ಎತ್ತಿದವನು ಹಣವನ್ನು ಕಳೆದುಕೊಳ್ಳುವನು. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ತಂದುಕೊಳ್ಳುವನು. ಈ ಮೂರನ್ನೂ ಒಂದೊಂದಾಗಿ ವಿಚಾರಿಸೋಣ.

ಮೈಯೇ ಬೆನ್ನೆಲುಬು

ಕಾರಿನ ಹೊರಮೈ ಬರಿಯ ಹೊದಿಕೆಯೆಂದು ಅನೇಕರು ಭಾವಿಸುವರು. ಲಾರಿಯ ಮಟ್ಟಿಗೆ ಇದು ನಿಜ. ಅಲ್ಲಿ ಉಕ್ಕಿನ ಉದ್ದನೆಯ ಎರಡು ತೊಲೆಗಳುಳ್ಳ ಚಾಸಿ ಭಾರವನ್ನು ಹೊರುತ್ತದೆ. ಮೈಯನ್ನು ಅದರ ಮೇಲೆ ಬೇರೆಯಾಗಿ ಕೂರಿಸಿರುತ್ತಾರೆ. ಒಂದು ಕಾಲದ ಕಾರುಗಳೂ ಹೀಗೆಯೇ ಇದ್ದುವು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತರುಣರು ಹಳೆಯ ಫೋರ್ಡ್, ಮರ್ಕ್ಯುರಿ ಕಾರುಗಳ ಮಾಡನ್ನು ಕತ್ತರಿಸಿ ತಗ್ಗಿಸಿ, ಬೆಸುಗೆಯ ಸಂದುಗಳಿಗೆ ಸೀಸ ತುಂಬಿ, ಹೊಸ ರೂಪ ಕೊಡುವ ಒಂದು ಕಲೆಯನ್ನೇ ಬೆಳೆಸಿದರು. ‘ಸೀಸದ ಜಾರುಬಂಡಿ’ ಎಂಬುದು ಇಂಥ ಕಾರುಗಳಿಗೆ ಅಲ್ಲಿಯ ಜನ ಇಟ್ಟ ಅಡ್ಡಹೆಸರು. ಅಷ್ಟು ಧೈರ್ಯವಾಗಿ ಕತ್ತರಿಸಲು ಅವರಿಗೆ ಸಾಧ್ಯವಾದುದಕ್ಕೆ ಮುಖ್ಯ ಕಾರಣ, ಮೈಯ ಕೆಳಗೆ ಪ್ರತ್ಯೇಕವಾದ ಚಾಸಿ ಇದ್ದುದು.

ನಮ್ಮ ಹಳೆಯ ಕಾರುಗಳ ಸಂಗತಿ ಬೇರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಬಂಗಾಳದ ಉತ್ತರಪಾರಾದಲ್ಲಿ ೨೦೧೪ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್‌ಗಾಗಲಿ, ೧೯೫೩ರಲ್ಲಿ ಇಟಲಿಯಲ್ಲಿ ಹೊರಬಂದ ಫಿಯಟ್ ೧೧೦೦ರ ವಂಶಕ್ಕೆ ಸೇರಿದ ಪದ್ಮಿನಿಗಾಗಲಿ ಅಂಥ ಪ್ರತ್ಯೇಕ ಚಾಸಿ ಇಲ್ಲ. ನೆಲ, ಕಂಬಗಳು, ಮಾಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಪೊಳ್ಳು ತೊಲೆ ಇವೆಲ್ಲವನ್ನೂ ಬೆಸೆದು ಒಂದೇ ಪೆಟ್ಟಿಗೆಯಾಗಿ ಮಾಡಿದೆ. ಆ ಪೆಟ್ಟಿಗೆಯೇ ಕಾರಿನ ಬೆನ್ನೆಲುಬು.

ಇದರ ಅರ್ಥವನ್ನು ಒಂದು ಸಣ್ಣ ಪ್ರಯೋಗದಿಂದ ತಿಳಿಯಬಹುದು. ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳವನ್ನು ಸುತ್ತಲೂ ಅಂಟಿಸಿ, ಎರಡು ತುದಿಗಳನ್ನು ಹಿಡಿದು ತಿರುಚಿ ನೋಡಿ. ಅದು ಸುಲಭವಾಗಿ ಮಣಿಯುವುದಿಲ್ಲ. ಮುಚ್ಚಳವನ್ನು ಕತ್ತರಿಸಿ ತೆಗೆದು ಮತ್ತೆ ತಿರುಚಿ, ಒದ್ದೆಬಟ್ಟೆಯಂತೆ ತಿರುಚಿಕೊಳ್ಳುವುದು. ರಟ್ಟು ಅದೇ, ದಪ್ಪವೂ ಅದೇ. ಬಲ ಇದ್ದುದು ಮುಚ್ಚಿದ ಆಕಾರದಲ್ಲಿ. ಕಾರಿನ ಮಾಡನ್ನು ಕತ್ತರಿಸಿದವನು ಮುಚ್ಚಳ ತೆಗೆದವನೇ ಸರಿ.

ಕಾನೂನೂ ಇದನ್ನು ಒಪ್ಪುವುದಿಲ್ಲ. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ವಿಧಿಸುತ್ತದೆ. ೨೦೨೧ರ ನಿಯಮಗಳಂತೆ ‘ವಿಂಟೇಜ್’ ಎಂಬ ಮನ್ನಣೆ ಪಡೆಯಲು ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ್ದರೆ ಸಾಲದು. ವಾಹನವು ಮೂಲರೂಪದಲ್ಲಿರಬೇಕು, ಅದರ ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಬಣ್ಣವನ್ನು ಬದಲಾಯಿಸಿದರೂ ನೋಂದಣಿ ಪತ್ರದಲ್ಲಿ ದಾಖಲು ಮಾಡಿಸಬೇಕಾಗುವುದು. ಆದುದರಿಂದ ಹೊಸಬನ ಕೈಗೆ ತಕ್ಕ ಕೆಲಸವೆಂದರೆ ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಇಂಥ ಬಿಚ್ಚಿ ತೆಗೆಯಬಹುದಾದ ಭಾಗಗಳ ಹೊರತಗಡನ್ನು ತಿದ್ದುವುದು. ಅದರಲ್ಲಿಯೇ ಕಲಿಯಬೇಕಾದುದು ಬೇಕಾದಷ್ಟಿದೆ.

ನಗ್ಗಿದ ತಗಡಿನ ಒಳಗುಟ್ಟು

ಹಳೆಯ ಕಾರಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆದು ಉಕ್ಕು. ಅದನ್ನು ಕೊಂಚ ಬಗ್ಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವುದು. ಈ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು. ಆದರೆ ಅದಕ್ಕೊಂದು ಎಲ್ಲೆಯುಂಟು. ಮೆದು ಉಕ್ಕು ತನ್ನ ಉದ್ದದ ಸುಮಾರು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುವವರೆಗೆ ಮಾತ್ರ ಹಿಂದಕ್ಕೆ ಬರುತ್ತದೆ. ಎಲ್ಲೆ ಮೀರಿದರೆ ಒಳಗಿನ ಹರಳುಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ ಹೊಸ ಸ್ಥಾನದಲ್ಲಿ ನಿಲ್ಲುವುವು. ಹೀಗೆ ಜಾರಿದ ಲೋಹದಲ್ಲಿ ಮುಂದಿನ ಜಾರಿಕೆಗೆ ಅಡಚಣೆಗಳು ಹೆಚ್ಚುವುದರಿಂದ ಆ ಸ್ಥಳ ಮೊದಲಿಗಿಂತ ಗಡುಸಾಗುವುದು.

ಇದನ್ನು ಮನೆಯಲ್ಲಿಯೇ ನೋಡಬಹುದು. ಮೆದುವಾದ ತಾಮ್ರದ ತಂತಿಯನ್ನು ಚೂಪಾಗಿ ಮಡಿಸಿ, ಮತ್ತೆ ನೆಟ್ಟಗೆ ಮಾಡಲು ಯತ್ನಿಸಿ. ಮಡಿಸಿದ ಜಾಗ ಸೊಟ್ಟಗೇ ಉಳಿದು, ಅದರ ಅಕ್ಕಪಕ್ಕದ ಮೆದು ಭಾಗ ಬಾಗುವುದು. ನಗ್ಗಿದ ತಗಡನ್ನು ಸಿಕ್ಕಲ್ಲಿ ಬಡಿಯುವವನಿಗೆ ಆಗುವ ಗತಿಯೂ ಇದೇ.

ನಗ್ಗನ್ನು ಗಮನವಿಟ್ಟು ನೋಡಿದರೆ ಒಂದು ಉಪಯುಕ್ತ ಸಂಗತಿ ತಿಳಿಯುವುದು. ತಗ್ಗಿದ ಭಾಗದ ಬಹುಪಾಲು ನಿಜವಾಗಿ ಕೆಟ್ಟಿರುವುದಿಲ್ಲ. ಅಂಚಿನಲ್ಲಿ ಎದ್ದ ಒಂದೆರಡು ಚೂಪಾದ ಮಡಿಕೆಗಳು ಮಾತ್ರ ಎಲ್ಲೆ ಮೀರಿ ಗಡುಸಾಗಿದ್ದು, ಉಳಿದ ತಗಡನ್ನು ಸೆರೆಹಿಡಿದಿರುತ್ತವೆ. ಆ ಮಡಿಕೆಗಳನ್ನು ಸಡಿಲಿಸಿದರೆ ಉಳಿದುದು ತಾನಾಗಿಯೇ ಬಹುಮಟ್ಟಿಗೆ ಮೇಲೇಳುವುದು. ಅದಕ್ಕಾಗಿಯೇ ಅನುಭವಿಗಳು ನಗ್ಗಿನ ನಡುಭಾಗಕ್ಕೆ ಮೊದಲ ಪೆಟ್ಟು ಹಾಕುವುದಿಲ್ಲ. ಕೊನೆಗೆ ಮೂಡಿದ ಅಂಚಿನ ಮಡಿಕೆಯಿಂದ ಆರಂಭಿಸಿ, ನಗ್ಗು ಉಂಟಾದ ಕ್ರಮವನ್ನು ಹಿಂದುಮುಂದಾಗಿ ಅನುಸರಿಸುವರು.

ಇದಕ್ಕೆ ಬೇಕಾದ ಸಾಧನಗಳು ಎರಡೇ: ಚಪ್ಪಟೆ ಮುಖದ ಹಗುರವಾದ ಸುತ್ತಿಗೆ, ತಗಡಿನ ಹಿಂದೆ ಹಿಡಿಯುವ ‘ಡಾಲಿ’ ಎಂಬ ಕಬ್ಬಿಣದ ಗಟ್ಟಿ. ತಗ್ಗಿನ ಹಿಂದೆ ಡಾಲಿಯನ್ನು ಒತ್ತಿಹಿಡಿದು ಪಕ್ಕದ ಉಬ್ಬಿನ ಮೇಲೆ ಮೆಲ್ಲಗೆ ಬಡಿದರೆ, ಉಬ್ಬು ಇಳಿಯುವುದು, ತಗ್ಗು ಏಳುವುದು. ಡಾಲಿಯ ನೇರಕ್ಕೇ ಬಲವಾಗಿ ಬಡಿದರೆ ತಗಡು ಎರಡರ ನಡುವೆ ಸಿಕ್ಕಿ ತೆಳುವಾಗಿ, ರೊಟ್ಟಿಯಂತೆ ಅಗಲವಾಗುವುದು. ಅಗಲವಾದ ಲೋಹಕ್ಕೆ ಇರಲು ಜಾಗವಿಲ್ಲದೆ ಅದು ಉಬ್ಬಿ, ಎಣ್ಣೆಡಬ್ಬದ ತಳದಂತೆ ಒತ್ತಿದಾಗ ‘ಟಪ್’ ಎಂದು ಒಳಹೋಗಿ ಹೊರಬರುವುದು.

ಹಿಗ್ಗಿದ ತಗಡನ್ನು ಕುಗ್ಗಿಸುವ ಉಪಾಯ ವಿಚಿತ್ರವಾಗಿದೆ: ಅದನ್ನು ಕಾಯಿಸಬೇಕು! ಕಾದರೆ ಲೋಹ ಹಿಗ್ಗುವುದಲ್ಲವೆ ಎಂದು ವಾಚಕರು ಕೇಳಬಹುದು. ನಾಣ್ಯದಗಲದ, ಎಂದರೆ ೨೫ ಮಿಲಿಮೀಟರ್ ಅಗಲದ ಒಂದು ಚುಕ್ಕೆಯನ್ನು ಸುಮಾರು ೭೦೦ ಡಿಗ್ರಿ ಸೆಂಟಿಗ್ರೇಡಿನ ಮಸಕು ಕೆಂಪಿಗೆ ಕಾಯಿಸಿದೆವೆನ್ನಿ. ಪ್ರತಿ ಡಿಗ್ರಿಗೆ ಉಕ್ಕು ಹತ್ತು ಲಕ್ಷದಲ್ಲಿ ೧೨ ಪಾಲಿನಷ್ಟು ಹಿಗ್ಗುವುದರಿಂದ, ಆ ಚುಕ್ಕೆ ಸುಮಾರು ೦.೨ ಮಿಲಿಮೀಟರ್ ಹಿಗ್ಗಬೇಕು. ಆದರೆ ಸುತ್ತಲಿನ ತಣ್ಣನೆಯ ಗಟ್ಟಿ ತಗಡು ಬಿಡುವುದಿಲ್ಲ. ಮೆತ್ತಗಾದ ಚುಕ್ಕೆ ಅಗಲವಾಗಲಾರದೆ ದಪ್ಪವಾಗುವುದು. ಆರುವಾಗ ಅದು ಎಲ್ಲ ದಿಕ್ಕಿಗೂ ಕುಗ್ಗಿ, ಮೊದಲಿಗಿಂತ ಕಿರಿದಾಗಿ ಸುತ್ತಲಿನ ತಗಡನ್ನು ಬಿಗಿಯಾಗಿ ಎಳೆಯುವುದು. ಈ ಕೆಲಸವನ್ನು ಮಾಡುವಾಗ ಭಾಗವನ್ನು ಕಾರಿನಿಂದ ಬಿಚ್ಚಿರಲೇಬೇಕು. ಪೆಟ್ರೋಲು ಮತ್ತು ಬೆಂಕಿ ಒಂದೆಡೆ ಇರಬಾರದು.

ಉಬ್ಬುಗಳನ್ನು ಯಂತ್ರದಿಂದ ಅರೆದು ಸಮಮಾಡುವುದು ಸುಲಭವೆಂದು ತೋರಬಹುದು. ಆದರೆ ತಗಡಿನ ಬಾಗದ ಬಿಗುಪು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಅರ್ಧವಾದರೆ ಬಿಗುಪು ಎಂಟರಲ್ಲಿ ಒಂದು ಪಾಲಿಗೆ ಇಳಿಯುವುದು.

ಬೆಳಕಿನ ಸಾಕ್ಷ್ಯ

ತಗಡು ಸಮವಾಯಿತೆ ಎಂಬುದನ್ನು ಅರಿಯಲು ಬೆಲೆಬಾಳುವ ಉಪಕರಣ ಬೇಡ. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುತ್ತದೆಂದು ನಾವು ಓದಿದ್ದೇವೆ. ಹೊಳೆಯುವ ಬಣ್ಣವೂ ಒಂದು ಕನ್ನಡಿಯೇ. ತಪ್ಪನ್ನು ಅದು ಇಮ್ಮಡಿಸಿ ತೋರಿಸುವುದು. ತಗಡನ್ನು ನೀರಿನಿಂದ ಒದ್ದೆಮಾಡಿ, ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಓರೆಯಾಗಿ ನೋಡಿ. ಬೆಳಕಿನ ಗೆರೆ ನಯವಾಗಿ ಹರಿದರೆ ಸರಿ; ಹಾವಿನಂತೆ ಹೊರಳಿದರೆ ಅಲ್ಲಿ ಇನ್ನೂ ಕೆಲಸವಿದೆ. ಬಣ್ಣ ಬಳಿಯುವ ಮುಂಚೆಯೇ ಈ ಪರೀಕ್ಷೆ ಮಾಡುವವನಿಗೆ ಬಣ್ಣದ ಖರ್ಚು ಎರಡು ಸಲ ಬೀಳುವುದಿಲ್ಲ.

ತುಕ್ಕೂ ಪುಟ್ಟಿಯೂ

ಕಬ್ಬಿಣ, ನೀರು, ಆಮ್ಲಜನಕ ಇವು ಮೂರೂ ಸೇರಿದಲ್ಲಿ ತುಕ್ಕು ಹುಟ್ಟುವುದು. ಇದು ಒಂದು ಪುಟ್ಟ ವಿದ್ಯುತ್ಕೋಶದ ಕಾರ್ಯ. ಕೆಸರು ಮೆತ್ತಿಕೊಂಡ ತಗಡಿನಲ್ಲಿ, ಕೆಸರಿನ ಅಂಚಿಗೆ ಆಮ್ಲಜನಕ ಹೆಚ್ಚಾಗಿ ಸಿಗುತ್ತದೆ, ಅಡಿಯಲ್ಲಿ ಕಡಮೆ ಸಿಗುತ್ತದೆ. ಆಮ್ಲಜನಕ ಕಡಮೆಯಾದ ಅಡಿಭಾಗವೇ ಧನಾಗ್ರವಾಗಿ ಸವೆಯುತ್ತದೆ. ಆದುದರಿಂದ ತುಕ್ಕು ಕಣ್ಣಿಗೆ ಮರೆಯಾದಲ್ಲಿಯೇ ಹೆಚ್ಚು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ತೂತುಗಳು ಧೂಳಿನಿಂದ ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುವುದು. ಉಡುಪಿ, ಕಾರವಾರಗಳಂಥ ಕಡಲತೀರದಲ್ಲಿ ಗಾಳಿಯ ಉಪ್ಪು ಆ ನೀರನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿ ಮಾಡಿ ಕ್ರಿಯೆಯನ್ನು ತೀವ್ರಗೊಳಿಸುವುದು. ಒಂದು ಸಣ್ಣ ಕಡ್ಡಿಯಿಂದ ಆ ತೂತುಗಳನ್ನು ಬಿಡಿಸುವುದಕ್ಕಿಂತ ಅಗ್ಗವಾದ ದುರಸ್ತಿ ಇನ್ನೊಂದಿಲ್ಲ.

ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಹೊಳೆಯುವ ಉಕ್ಕು ಕಾಣುವವರೆಗೆ ತೆಗೆಯಬೇಕು. ಉಳಿದ ಕಲೆಗಳಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ಅವು ಕಬ್ಬಿಣದ ಫಾಸ್ಫೇಟಾಗಿ ಬದಲಾಗುವುವು. ಅನಂತರ ಸತುವಿನ ಪ್ರೈಮರ್ ಬಳಿಯುವುದು ಲೇಸು. ಕಬ್ಬಿಣಕ್ಕಿಂತ ಹೆಚ್ಚು ಚುರುಕಾದ ಸತುವು ತಾನು ಸವೆದು ಕಬ್ಬಿಣವನ್ನು ಕಾಯುವುದು.

ಇನ್ನು ಪುಟ್ಟಿಯ ಮಾತು. ಕ್ಯಾಲಿಫೋರ್ನಿಯದವರು ಬಳಸಿದ ಸೀಸ ವಿಷ. ಅದರ ಧೂಳೂ ಹೊಗೆಯೂ ದೇಹಕ್ಕೆ ಹೋಗಬಾರದು. ಈಗ ಬಳಕೆಯಲ್ಲಿರುವುದು ಪಾಲಿಯೆಸ್ಟರ್ ಪುಟ್ಟಿ. ೧೦೦ ಭಾಗ ಪುಟ್ಟಿಗೆ ಸುಮಾರು ೨ ಭಾಗ ಗಡುಸುಕಾರಕ ಬೆರೆಸಿದರೆ ಅದು ಬಿಸಿಯಾಗಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದು. ಬಿಸಿಲಿನಲ್ಲಿ ಅದು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ದಪ್ಪವಾಗಿ ಮೆತ್ತಿದರೆ ಬಿರಿಯುವುದು. ಎರಡು ಮೂರು ಮಿಲಿಮೀಟರಿಗೆ ಮೀರದಿದ್ದರೆ ಒಳ್ಳೆಯದು. ತುಕ್ಕು ತಿಂದ ತೂತನ್ನು ಪುಟ್ಟಿಯಿಂದ ಮುಚ್ಚುವುದಂತೂ ಸಲ್ಲದು. ಅದು ತೇವವನ್ನು ಹೀರಿಕೊಂಡು ಹಿಂಬದಿಯ ತುಕ್ಕನ್ನು ಪೋಷಿಸುವುದು.

ಇಂಥ ವಂಚನೆಯನ್ನು ಕಂಡುಹಿಡಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಅದನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಯುದ್ದಕ್ಕೂ ಸರಿಸಿ. ಉಕ್ಕಿನಿಂದ ಕೊಂಚ ದೂರವಾದರೂ ಅಯಸ್ಕಾಂತದ ಸೆಳೆತ ಬೇಗ ತಗ್ಗುತ್ತದೆ. ಎಲ್ಲಿ ಅದು ಹಿಡಿಯದೆ ಜಾರುವುದೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ದಪ್ಪವಾಗಿದೆಯೆಂದು ತಿಳಿಯಬೇಕು. ಹಳೆಯ ಕಾರನ್ನು ಕೊಳ್ಳುವ ಮುನ್ನವೇ ಈ ಪರೀಕ್ಷೆ ಮಾಡುವುದು ಜಾಣತನ. ಬಾಗಿಲಿನ ಕೆಳಗಿನ ತೊಲೆಯಲ್ಲಿ ಅಯಸ್ಕಾಂತ ಜಾರಿದರೆ, ಆ ಕಾರಿನ ಬೆನ್ನೆಲುಬೇ ಮುರಿದಿರಬಹುದು. ಡಿಕ್ಕಿಯಾದಾಗ ಒಳಗಿದ್ದವರನ್ನು ಕಾಯಬೇಕಾದುದು ಆ ಉಕ್ಕು. ಪುಟ್ಟಿ ಯಾರನ್ನೂ ಕಾಯದು.

ತಾನು ಮಾಡುವುದು, ಪರರಿಗೆ ಬಿಡುವುದು

ನಗ್ಗು ತೆಗೆಯುವುದು, ತುಕ್ಕು ಉಜ್ಜುವುದು, ಪುಟ್ಟಿ ಹಚ್ಚಿ ತಿದ್ದುವುದು ಇವುಗಳಿಗೆ ಬೇಕಾದುದು ಮುಖ್ಯವಾಗಿ ಸಮಯ. ಇವನ್ನು ವಿದ್ಯಾರ್ಥಿಯು ತಾನೇ ಮಾಡಬಹುದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟಾದುದರಿಂದ ಅದನ್ನು ಒಣಗಿದಂತೆ ಉಜ್ಜದೆ, ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಬೇಕು. ಮೂಗು ಬಾಯಿಗಳಿಗೆ ತಕ್ಕ ಮುಖವಾಡವಿರಬೇಕು. ತೊಲೆ, ಕಂಬ, ನೆಲಗಳ ಬೆಸುಗೆಯನ್ನು ಮಾತ್ರ ನುರಿತ ಕೆಲಸಗಾರರಿಗೆ ಬಿಡಬೇಕು. ಎರಡು ಭಾಗಗಳನ್ನು ಬೆರೆಸಿ ಸಿಂಪಡಿಸುವ ಪಾಲಿಯುರಿಥೇನ್ ಬಣ್ಣವೂ ಹಾಗೆಯೇ. ಅದರ ಗಡುಸುಕಾರಕದಲ್ಲಿರುವ ಐಸೊಸಯನೇಟುಗಳು ಶ್ವಾಸಕೋಶಕ್ಕೆ ಕೇಡು ಮಾಡುವುವು; ಸಾಮಾನ್ಯ ಮುಖವಾಡ ಅವನ್ನು ತಡೆಯಲಾರದು.

ಹೀಗೆ ವಿಂಗಡಿಸಿಕೊಂಡರೆ, ಇರುವ ಸ್ವಲ್ಪ ಹಣವೂ ಸಲ್ಲಬೇಕಾದ ಕಡೆಗೆ ಸಲ್ಲುವುದು: ಮೊದಲು ಬೆನ್ನೆಲುಬಿಗೆ, ಆಮೇಲೆ ತುಕ್ಕಿನ ತಡೆಗೆ, ಕಟ್ಟಕಡೆಗೆ ಹೊಳಪಿಗೆ. ಈ ಕ್ರಮವನ್ನು ತಲೆಕೆಳಗು ಮಾಡಿದವನ ಕಾರು ಒಂದು ಮಳೆಗಾಲ ಹೊಳೆದೀತು. ಕ್ರಮವನ್ನು ಪಾಲಿಸಿದವನ ಕಾರು ಅನೇಕ ಮಳೆಗಾಲಗಳನ್ನು ಕಂಡು, ಒಳಗೆ ಕುಳಿತವರನ್ನು ಕ್ಷೇಮವಾಗಿ ಮನೆ ಸೇರಿಸುವುದು.