ಸಭಾಪಾಲಕರಿಗೆ ಸಿಕ್ಕ ಸರ್ವಜ್ಞ

ಸರ್ವಜ್ಞ ಕಳೆದುಹೋದವನಲ್ಲ. ಅದಕ್ಕೇ ಅವನನ್ನು ಹುಡುಕಬೇಕೆಂದು ಬಹುಕಾಲ ಹೆಚ್ಚಿನವರಿಗೆ ತೋಚಲಿಲ್ಲ. ಇಂಡಿ ಊರಿನ ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವವನಿಗೂ, ಮುದ್ದೇಬಿಹಾಳದ ಕಡೆ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯನಿಗೂ, ಮಗನ ಮೈಗಳ್ಳತನಕ್ಕೆ ರೇಗುವ ಅವ್ವನಿಗೂ ಅವನ ಒಂದೆರಡು ಪದ ಬಾಯಲ್ಲೇ ಇರುತ್ತಿದ್ದವು. ಮನೆಗೆ ಎರಡು, ಓಣಿಗೆ ನಾಲ್ಕು. ಇಡಿಯಾಗಿ ಯಾರ ಹತ್ತಿರವೂ ಇರಲಿಲ್ಲ. ಊರೂರಿಗೆ ಹರಿದು ಹಂಚಿಹೋಗಿದ್ದ ಈ ಪದಗಳನ್ನು ಸುಮಾರು ಎರಡು ಸಾವಿರದಷ್ಟು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಬಾಸೆಲ್ ಮಿಶನ್ನಿನ ಸಭಾಪಾಲಕರು. ಭಾನುವಾರ ಬೈಬಲ್ ತೆರೆದು ಬೋಧನೆ ಮಾಡುವುದು ಅವರ ಕಾಯಕ.

ಸರ್ವಜ್ಞ ಪಾದ್ರಿಗಳ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲ. ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲೇ ತಮಿಳರ ತಿರುವಳ್ಳುವರ್, ತೆಲುಗರ ವೇಮನರ ಜೊತೆಗೆ ಕನ್ನಡಿಗರ ಸರ್ವಜ್ಞಮೂರ್ತಿಯ ಹೆಸರನ್ನು ಬರೆದಿಟ್ಟಿದ್ದ. ವೇಮನನಿಗೆ ಸಿ.ಪಿ. ಬ್ರೌನ್ ಸಿಕ್ಕರು, 1829ರಲ್ಲೇ ಅವನ ಪದ್ಯಗಳು ಅಚ್ಚಾದವು. ಸರ್ವಜ್ಞ ಇನ್ನೂ ಸುಮಾರು ನೂರು ವರ್ಷ ಕಾಯಬೇಕಾಯಿತು. ಬ್ರೌನ್ ಕಂಪನಿ ಸರಕಾರದ ಅಧಿಕಾರಿ. ಉತ್ತಂಗಿಯವರ ಹಿಂದೆ ಅಂಥ ಅಧಿಕಾರವೂ ಇರಲಿಲ್ಲ, ರೊಕ್ಕವೂ ಇರಲಿಲ್ಲ. ಜನ ಅವರನ್ನು ತಿರುಳ್ಗನ್ನಡದ ತಿರುಕ ಅಂತ ಕರೆದದ್ದು ಸುಮ್ಮನೆ ಅಲ್ಲ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಲಿಂಗಾಯತ. ಮುಂದೆ ಕ್ರೈಸ್ತರಾದವರು. ಈ ಹಿನ್ನೆಲೆ ಮುಖ್ಯ ಅಂತ ನನಗನ್ನಿಸುತ್ತದೆ. ಹೊರಗಿನಿಂದ ಬಂದು ಕನ್ನಡ ಕಲಿತ ಮಿಶನರಿಗೆ ವಚನವೂ ಪುರಾಣವೂ ಅಭ್ಯಾಸದ ವಿಷಯ. ಉತ್ತಂಗಿಯವರಿಗೆ ಅದು ಅಜ್ಜನ ಮನೆಯ ಮಾತು. ಮಠದ ಕಪಾಟಿನಲ್ಲಿ ಕೆಂಪು ವಸ್ತ್ರ ಸುತ್ತಿಟ್ಟ ಓಲೆಗರಿ ಕಟ್ಟಿನ ಮುಂದೆ ಹೇಗೆ ಕೂಡಬೇಕು, ಯಾರನ್ನು ಏನೆಂದು ಕರೆಯಬೇಕು ಎಂಬುದನ್ನು ಅಂಥ ಮನೆತನದವರಿಗೆ ಹೇಳಿಕೊಡಬೇಕಿಲ್ಲ.

ಬಾಸೆಲ್ ಮಿಶನ್ನಿಗೂ ಈ ಭಾಗಕ್ಕೂ ಹಳೆಯ ನಂಟು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1851ರಲ್ಲಿ ಗುಳೇದಗುಡ್ಡ, 1885ರಲ್ಲಿ ವಿಜಯಪುರ ಎಂದು ಅದು ಬಡಗಣಕ್ಕೆ ಹೆಜ್ಜೆ ಇಟ್ಟಿತು. ವಿಜಯಪುರಕ್ಕೆ ಬರುವ ಮೊದಲೇ ಅದರ ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವನ ಬಾಗೇವಾಡಿಯ ಮಗನ ಕತೆ ಮೂಡಿತ್ತು. ಹೆರ್ಮನ್ ಮೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳ ಜೊತೆಗೆ ಭೀಮಕವಿಯ ಬಸವಪುರಾಣವೂ ಸೇರಿತು. ಆಮೇಲೆ ವ್ಯೂರ್ತ್ ಎಂಬ ಮಿಶನರಿ ಅದನ್ನು ಇಂಗ್ಲಿಷಿಗೆ ತಂದರು. 1862ರಲ್ಲಿ ಅದೇ ಮಿಶನ್ನಿನ ಕಿಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಷಟ್ಪದಿಗೆ ಒಗ್ಗಿಸಿದರು. ಇದೆಲ್ಲ ದೊಡ್ಡ ಕೆಲಸವೇ. ಆದರೆ ಪಂಡಿತರ ಕಾವ್ಯ, ಪುರಾಣ, ಷಟ್ಪದಿಗಳ ಕಡೆಗೇ ಇವರ ಕಣ್ಣು ಹೆಚ್ಚು ಹೋಯಿತು. ಮೂರು ಸಾಲಿನ ಬೀದಿಯ ಪದ ಬಹುಮಟ್ಟಿಗೆ ಹಾಗೇ ಉಳಿಯಿತು.

ಆ ಮೂರು ಸಾಲಿನಲ್ಲೇ ಇಡೀ ಕೆಲಸದ ಕಷ್ಟ ಇತ್ತು. ತ್ರಿಪದಿ ಅಂದರೆ ನಮ್ಮ ಕಡೆ ಬೀಸುವ ಕಲ್ಲಿನ ಮಟ್ಟು. ನಸುಕಿನಲ್ಲಿ ಜೋಳ ಬೀಸುವ ಹೆಂಗಸು ಅದನ್ನು ಕಲಿಯುವುದಿಲ್ಲ, ಉಸಿರಿನ ಜೊತೆಗೆ ಅದು ಬರುತ್ತದೆ. ಎರಡು ಸಾಲು ಹೇಳಿ, ಮೂರನೆಯದನ್ನು ಮುಗಿಸಿ, ಕೊನೆಗೆ ‘ಸರ್ವಜ್ಞ’ ಅಂತ ಒಂದು ಮಾತು ಸೇರಿಸಿದರೆ ಮುಗಿಯಿತು. ಯಾರ ಪದವೂ ಅವನದಾಗುತ್ತದೆ. ಮಾಸ್ತರ ಬುದ್ಧಿಮಾತು, ವೈದ್ಯನ ಪಥ್ಯ, ಒಗಟು, ಜಾತಿಯ ಸೊಕ್ಕಿಗೆ ಕೊಟ್ಟ ಪೆಟ್ಟು, ಹೆಂಗಸರ ಮೇಲಿನ ಕೊಂಕು, ಊಟದ ರುಚಿ ಎಲ್ಲಕ್ಕೂ ಒಂದೇ ಅಂಕಿತ. ಓಲೆಯಿಂದ ಓಲೆಗೆ ಪಾಠ ಬೇರೆ, ಬಾಯಿಂದ ಬಾಯಿಗೆ ಇನ್ನೂ ಬೇರೆ. ಒಂದು ಕಡೆ ಪೂರ್ತಿ ಇದ್ದದ್ದು ಇನ್ನೊಂದು ಕಡೆ ತಲೆ ಇಲ್ಲದೆ ಸಿಗುತ್ತದೆ. ಉತ್ತಂಗಿಯವರು ಪ್ರತಿಗಳನ್ನು ಹುಡುಕಿದರು, ಹಳ್ಳಿಗರ ಬಾಯಿಂದ ಬರೆದುಕೊಂಡರು, ಒಂದಕ್ಕೊಂದು ಹೋಲಿಸಿದರು, ವಿಷಯ ನೋಡಿ ಪದ್ಧತಿಗಳಾಗಿ ಜೋಡಿಸಿದರು.

ಇದು ಒಬ್ಬಂಟಿ ಹುಚ್ಚಾಗಿರಲಿಲ್ಲ. ಅದೇ ಹೊತ್ತಿಗೆ ವಿಜಯಪುರದಲ್ಲಿ ಫ.ಗು. ಹಳಕಟ್ಟಿ ವಕೀಲಿ ಬಿಟ್ಟಂತೆಯೇ ಮಾಡಿ ವಚನದ ಓಲೆಗರಿಗಳ ಬೆನ್ನು ಹತ್ತಿದ್ದರು. ಅವರೂ ಧಾರವಾಡದಲ್ಲಿ ಹುಟ್ಟಿದವರು, ಉತ್ತಂಗಿಯವರಿಗಿಂತ ಒಂದು ವರ್ಷ ದೊಡ್ಡವರು. ಓದಿದ್ದು ಮುಂಬಯಿಯಲ್ಲಿ, ಜೆಸ್ವಿಟ್ ಪಾದ್ರಿಗಳ ಸೇಂಟ್ ಜೇವಿಯರ್ ಕಾಲೇಜಿನಲ್ಲಿ. ಬಾಗೇವಾಡಿಯ ಬಸವಣ್ಣ, ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಗದ್ದುಗೆ ಇರುವ ನೀಲಮ್ಮ ಎಲ್ಲರೂ ಅವರ ಸುತ್ತಲಿನ ನೆಲದವರೇ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು.

ಇಲ್ಲಿ ನಮ್ಮ ಕಡೆ ಈಗಲೂ ಹೇಳುವ ಕತೆಯೊಂದಿದೆ. ಹಳಕಟ್ಟಿಯವರು ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದರಂತೆ. ಇದರಲ್ಲಿ ಇಷ್ಟು ಎತ್ತರದ ವಿಚಾರ ಇದ್ದರೆ ನಮ್ಮ ಬೈಬಲನ್ನು ಯಾರು ಕೇಳುತ್ತಾರೆ ಎಂದು ಪ್ರೆಸ್ಸಿನವರು ತಿರುಗಿ ಕಳಿಸಿದರಂತೆ. ಭಾಷಣಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಕತೆ ಇದು. ನನಗೆ ಇದರ ಎರಡನೆಯ ಅರ್ಧ ಗಂಟಲಲ್ಲಿ ಇಳಿಯುವುದಿಲ್ಲ. ಅದೇ ಮಿಶನ್ನಿನ ಅಚ್ಚುಮನೆ ಎಪ್ಪತ್ತು ವರ್ಷ ಹಿಂದೆ ಬಸವಪುರಾಣ ಅಚ್ಚು ಹಾಕಿತ್ತು. ಅದೇ ಮಿಶನ್ನಿನ ಸಭಾಪಾಲಕರೊಬ್ಬರು ಅದೇ ಹೊತ್ತಿಗೆ ಸರ್ವಜ್ಞನ ಪದ ಎಣಿಸುತ್ತ ಕೂತಿದ್ದರು. ಹಸ್ತಪ್ರತಿ ತಿರುಗಿ ಬರಲು ಪ್ರೆಸ್ಸುಗಳಲ್ಲಿ ದೇವಶಾಸ್ತ್ರಕ್ಕಿಂತ ಸಣ್ಣ ಕಾರಣಗಳು ಬೇಕಾದಷ್ಟು ಇರುತ್ತವೆ.

ಆದರೂ ಕತೆಯ ಹಿಂದಿನ ಪ್ರಶ್ನೆ ಪೊಳ್ಳಲ್ಲ. ಬೈಬಲೇ ದೇವರ ವಾಕ್ಯ ಎಂದು ನಂಬಿದವನಿಗೆ ಸರ್ವಜ್ಞನ ಹತ್ತಿರ ಏನು ಕೆಲಸ? ಉತ್ತರಕ್ಕೆ ಹೊರಗೆ ಹೋಗಬೇಕಿಲ್ಲ. ಜ್ಞಾನೋಕ್ತಿಗಳ ಪುಸ್ತಕದ 25ನೇ ಅಧ್ಯಾಯದ ಮೊದಲ ವಚನ, ಅಲ್ಲಿಂದ ಮುಂದಿನ ಮಾತುಗಳನ್ನು ಯೆಹೂದದ ಅರಸ ಹಿಜ್ಕೀಯನ ಜನ ನಕಲು ಮಾಡಿ ಕೂಡಿಸಿದರು ಎಂದು ತಿಳಿಸುತ್ತದೆ. ಸೊಲೊಮೋನ ತೀರಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಗಿತ್ತು. ಅಂದರೆ ಗ್ರಂಥದೊಳಗೇ ಸಂಗ್ರಾಹಕರಿದ್ದಾರೆ. ಮುಂದೆ 30ನೇ ಅಧ್ಯಾಯದಲ್ಲಿ ಆಗೂರ, 31ರಲ್ಲಿ ಲೆಮೂವೇಲ. ಇಬ್ಬರೂ ಇಸ್ರಾಯೇಲಿನ ಅರಸರ ಪಟ್ಟಿಯವರಲ್ಲ. ಪೌಲ ಅಥೇನೆಯಲ್ಲಿ ಮಾತಾಡುವಾಗ ಮೋಶೆಯ ಹೆಸರೆತ್ತದೆ ಗ್ರೀಕರ ಕವಿಯ ಮಾತನ್ನೇ ಹಿಡಿದುಕೊಂಡ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಅದಕ್ಕೆ ಸಾಕ್ಷಿ.

ಇನ್ನೂ ಸೋಜಿಗದ ಸಂಗತಿ ಬೇರೆ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ವ್ಯಾಲಿಸ್ ಬಜ್ 1888ರಲ್ಲಿ ಈಜಿಪ್ಟಿನಿಂದ ಒಂದು ಪಪೈರಸ್ ಸುರುಳಿ ತಂದಿದ್ದರು. ಅಮೆನೆಮೊಪೆ ಎಂಬ ಅಧಿಕಾರಿ ತನ್ನ ಮಗನಿಗೆ ಹೇಳಿದ 30 ಅಧ್ಯಾಯಗಳ ಬುದ್ಧಿಮಾತು ಅದು. ವರ್ಷಗಟ್ಟಲೆ ಬಿದ್ದಿದ್ದ ಅದರ ಪೂರ್ಣ ಪಾಠ ಅಚ್ಚಾದದ್ದು 1923ರಲ್ಲಿ. ಮರುವರ್ಷ ಬರ್ಲಿನ್ನಿನ ಅಡಾಲ್ಫ್ ಎರ್ಮನ್ ಅದನ್ನು ಓದಿ ಬೆರಗಾಗುವಂಥದ್ದನ್ನು ತೋರಿಸಿದರು: ಜ್ಞಾನೋಕ್ತಿಗಳ 22ನೇ ಅಧ್ಯಾಯದ ನಡುವಿನಿಂದ ಮುಂದಿನ ಮಾತುಗಳು ಈ ಈಜಿಪ್ಟಿನವನ ಮಾತಿಗೆ ಹತ್ತಿರದ ಬಂಧುಗಳು. ಬಡವನನ್ನು ಸುಲಿಯಬೇಡ, ಹೊಲದ ಗಡಿಗಲ್ಲು ಸರಿಸಬೇಡ ಎಂಬುದು ಎರಡರಲ್ಲೂ ಇದೆ. ಐಶ್ವರ್ಯ ರೆಕ್ಕೆ ಬಂದು ಹಾರಿಹೋಗುತ್ತದೆ ಎಂಬುದೂ ಎರಡರಲ್ಲಿದೆ. ಈಜಿಪ್ಟಿನಲ್ಲಿ ಅದು ಹೆಬ್ಬಾತುಗಳ ಹಾಗೆ ಹಾರಿದರೆ ಜ್ಞಾನೋಕ್ತಿಯಲ್ಲಿ ಹದ್ದಿನ ಹಾಗೆ. ಸಿಂದಗಿ, ಇಂಡಿಯ ಎರೆಹೊಲದ ರೈತನಿಗೆ ಬಾಂದುಗಲ್ಲಿನ ತಂಟೆಯ ಬಗ್ಗೆ ಯಾವ ಪಪೈರಸ್ಸೂ ಹೊಸದಾಗಿ ಹೇಳಬೇಕಾದ್ದಿಲ್ಲ. ಅಣ್ಣತಮ್ಮಂದಿರ ಖಟ್ಲೆಗಳು ಎಷ್ಟೋ ಸಲ ಆ ಕಲ್ಲಿನ ಬುಡದಲ್ಲೇ ಹುಟ್ಟುತ್ತವೆ.

1923, 1924. ಬೆಳಗಾವಿಯಲ್ಲಿ ವಚನಶಾಸ್ತ್ರ, ಉತ್ತಂಗಿಯವರ ಸರ್ವಜ್ಞ, ಲಂಡನ್ ಬರ್ಲಿನ್ನುಗಳಲ್ಲಿ ಅಮೆನೆಮೊಪೆ. ಒಬ್ಬರ ಕೆಲಸ ಇನ್ನೊಬ್ಬರನ್ನು ಪ್ರೇರಿಸಿತು ಅಂತ ನಾನು ಹೇಳುತ್ತಿಲ್ಲ. ಕಾಲ ಕೂಡಿಬಂತು, ಅಷ್ಟೇ. ಆದರೆ ಎರ್ಮನ್ ಕಂಡದ್ದರಿಂದ ಯುರೋಪಿನ ಕೆಲವು ಭಕ್ತರಿಗೆ ಎದೆ ಧಸಕ್ಕೆಂದಿರಬೇಕು: ದೇವರ ವಾಕ್ಯದಲ್ಲಿ ನೆರೆಮನೆಯವನ ಮಾತು ಹೇಗೆ ಬಂತು? ಉತ್ತಂಗಿಯವರ ಕೆಲಸ ನೋಡಿದರೆ ಈ ಪ್ರಶ್ನೆ ಅವರನ್ನು ಕಂಗೆಡಿಸುತ್ತಿರಲಿಲ್ಲ ಅನ್ನಿಸುತ್ತದೆ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ. ಕ್ರಿಸ್ತನನ್ನು ಬಿಟ್ಟುಕೊಡದೆ ಬನಾರಸದ ಕಡೆಗೆ ಕೈ ಚಾಚಿದವರಿಗೆ ಸರ್ವಜ್ಞನನ್ನು ಅಂಗಳದಲ್ಲೇ ನಿಲ್ಲಿಸಬೇಕಾದ ಕಾರಣ ಇರಲಿಲ್ಲ. ಇದಕ್ಕೆ ಸರ್ವಧರ್ಮ ಸಮನ್ವಯ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಸಲೀಸು. ಅವರು ಕೊನೆಯವರೆಗೂ ಕ್ರೈಸ್ತ ವಿಶ್ವಾಸಿಯೇ ಆಗಿದ್ದರು, ಆ ಬಗ್ಗೆ ಮುಚ್ಚುಮರೆಯೂ ಇರಲಿಲ್ಲ.

ತ್ರಿಪದಿಯ ಬೇಟೆ ಅವರಿಗೇ ನಿಲ್ಲಲಿಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಹೆಂಗಸರ ಬಾಯಿಂದ ಹಾಡು ಬರೆದುಕೊಳ್ಳತೊಡಗಿದರು. ‘ಗರತಿಯ ಹಾಡು’ 1931ರಲ್ಲಿ ಹೊರಬಂತು. ಸರ್ವಜ್ಞನ ಗಂಡುದನಿಯ ತ್ರಿಪದಿಯ ಪಕ್ಕಕ್ಕೆ ಬೀಸುವ ಕಲ್ಲಿನ ಹೆಣ್ಣುದನಿಯ ತ್ರಿಪದಿ ಬಂದು ಕೂತಿತು. ಸರ್ವಜ್ಞನ ಹೆಂಗಸರ ಕುರಿತ ಕೊಂಕಿಗೆ ಅದಕ್ಕಿಂತ ಒಳ್ಳೆಯ ಜವಾಬು ನಾನು ಕಂಡಿಲ್ಲ.

1949ರಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರನ್ನೇ ಅಧ್ಯಕ್ಷರನ್ನಾಗಿ ಕರೆದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ವಿದ್ವಾಂಸರಲ್ಲಿ ಸಂಶಯ ಎದ್ದಾಗ ಇತ್ತು ಎಂದು ವಾದಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದವರೂ ಅವರೇ. ಬಸವಣ್ಣನ ಪರವಾಗಿ ವಕಾಲತ್ತು ಹಿಡಿದವರು ಕ್ರೈಸ್ತ ಸಭಾಪಾಲಕರು! ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯನವರ ವಚನಗಳ ಸಂಪಾದನೆಗೂ ಕೈ ಹಚ್ಚಿದರು. 1962ರಲ್ಲಿ ತೀರಿಕೊಂಡರು.

ಸರ್ವಜ್ಞನ ಕಾಲ ಯಾವುದು, ಅವನ ಹೆಸರಿನ ಪದಗಳಲ್ಲಿ ಪರರವು ಎಷ್ಟು ಎಂಬ ಜಗಳ ಅವರ ಪುಸ್ತಕದಿಂದ ಮುಗಿಯಲಿಲ್ಲ, ಅಸಲಿಗೆ ಅಲ್ಲಿಂದಲೇ ಜೋರಾಯಿತು. ಆಮೇಲೆ ಬಂದ ಸಂಪಾದಕರು ಕೆಲವನ್ನು ತೆಗೆದರು, ಕೆಲವನ್ನು ಕೂಡಿಸಿದರು. ತೆಗೆಯುವವರೂ ಕೂಡಿಸುವವರೂ 1924ರ ಪ್ರತಿಯನ್ನು ಎದುರಿಗೆ ಇಟ್ಟುಕೊಂಡೇ ಕೂಡಬೇಕಾಗುತ್ತದೆ.