ಪ್ರಬಂಧಕ್ಕೆ ಮೊದಲು ಒಂದು ನೋಟ್‌ಬುಕ್

ಮುಂಬಯಿಯ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ವರ್ಷಂಪ್ರತಿ ವಿತರಿಸುವ ವಿದ್ಯಾರ್ಥಿ ವೇತನಕ್ಕೆ ಸಾಮಾನ್ಯವಾಗಿ ಅಂಕಪಟ್ಟಿಯ ಜೆರಾಕ್ಸ್, ಆದಾಯದ ದಾಖಲೆ, ಪದಾಧಿಕಾರಿಯೊಬ್ಬರ ಶಿಫಾರಸು ಇದ್ದರೆ ಸಾಕು. ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಟವರಿಗೆ ಅಷ್ಟು ಸಾಲದು. ಏನು ಓದಬೇಕು, ಏಕೆ ಓದಬೇಕು ಎಂಬುದನ್ನು ಒಂದೆರಡು ಪುಟಗಳಲ್ಲಿ ಬರೆದುಕೊಡಬೇಕು. ಮಾರ್ಕು ತೆಗೆಯುವುದರಲ್ಲಿ ಹಿಂದೆ ಬೀಳದ ನಮ್ಮ ಮಕ್ಕಳು ಎಡವುವುದು ಇಲ್ಲೇ.

ಮುಂಬಯಿಯಲ್ಲೇ ಇರುವ ಜೆ. ಎನ್. ಟಾಟಾ ಎಂಡೋಮೆಂಟ್ ಇದಕ್ಕೊಂದು ಉದಾಹರಣೆ. ಜಮ್‌ಸೆಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ಈ ನಿಧಿ ಕೊಡುವುದು ಸಾಲ ರೂಪದ ವಿದ್ಯಾರ್ಥಿ ವೇತನ. ಓದು ಮುಗಿದ ಬಳಿಕ ಹಿಂತಿರುಗಿಸಬೇಕು. ತುಮಕೂರು ಜಿಲ್ಲೆಯಲ್ಲಿ ಜನಿಸಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದ ಡಾ. ರಾಜಾ ರಾಮಣ್ಣ ಅವರೂ ಈ ನೆರವಿನಿಂದಲೇ ಓದಿದವರು. ಇಲ್ಲಿ ಅರ್ಜಿಯ ಜತೆ ಪ್ರಬಂಧವಿರುತ್ತದೆ, ಅನಂತರ ಸಂದರ್ಶನವೂ ಉಂಟು. ಬರೆದದ್ದರ ಬಗ್ಗೆ ಪ್ರಶ್ನೆ ಬಂದಾಗ ತಡವರಿಸಿದರೆ ಕಷ್ಟ.

ಆದರೆ ಆಗುವುದೇನು? ಕೊನೆಯ ದಿನಾಂಕದ ಹಿಂದಿನ ರಾತ್ರಿ ಯಾರದೋ ಹಳೆಯ ಪ್ರಬಂಧ ಎದುರಿಗಿಟ್ಟು, "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಎಂದು ಆರಂಭಿಸುವುದು. ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ. ಭಾಷೆ ಚೆನ್ನಾಗಿಯೇ ಇರುತ್ತದೆ, ಅರ್ಜಿದಾರ ಮಾತ್ರ ಅದರಲ್ಲಿ ಇರುವುದಿಲ್ಲ.

ಕನಿಷ್ಠ ಮೂರು ವಾರ ಮೊದಲೇ ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದಿಡುವುದು ಉತ್ತಮ. ಡೊಂಬಿವಲಿಯ ಹುಡುಗಿಯೊಬ್ಬಳು ಆಹಾರ ತಂತ್ರಜ್ಞಾನ ಓದಲು ಹೊರಟಿದ್ದಾಳೆಂದು ಭಾವಿಸಿ. ತಂದೆ ಕ್ಯಾಂಟೀನ್ ನಡೆಸುವವರು. ಮೇ ತಿಂಗಳ ಸೆಕೆಗೆ ಇಡ್ಲಿ ಹಿಟ್ಟು ಬೇಗ ಹುಳಿಯಾಗಿ ಚೆಲ್ಲಬೇಕಾಗುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಾಳೆ. ಆದರೆ ತಂದೆಯ ಕ್ಯಾಂಟೀನಿನ ವಿಷಯ ಬರೆಯಲು ಸಂಕೋಚ. ನಿಜಕ್ಕೂ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರಬೇಕಾದದ್ದು ಅದೇ. ದಿನಕ್ಕೆ ಎಷ್ಟು ಕಿಲೋ ಅಕ್ಕಿ ನೆನೆಹಾಕುತ್ತಾರೆ, ಎಷ್ಟು ಹಿಟ್ಟು ಹಾಳಾಗುತ್ತದೆ, ನಷ್ಟ ಎಷ್ಟು? ಇದನ್ನು ತಂದೆಯನ್ನೇ ಕೂರಿಸಿಕೊಂಡು ಕೇಳಬೇಕು. ಕಾಲೇಜಿನ ಪ್ರಾಜೆಕ್ಟಿನಲ್ಲಿ ತಾನು ಏನು ಅಳೆದೆ, ಯಾವುದು ಕೈಕೊಟ್ಟಿತು ಎಂಬುದೂ ತಾರೀಕು ಸಮೇತ ಬರಲಿ. ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಖಾತೆಗೆ ಒಂದು ರೂಪಾಯಿಯೂ ಏರುವುದಿಲ್ಲ. ಪ್ರಬಂಧದ ಮಾತಿಗೂ ಅಂಥದೊಂದು ಆಧಾರ ಬೇಕಲ್ಲವೇ?

ಇನ್ನೊಂದು ಪುಟದಲ್ಲಿ ಸೇರಬಯಸುವ ಕೋರ್ಸಿನ ವಿವರ: ಅಲ್ಲಿ ಯಾವ ವಿಷಯ ಕಲಿಸುತ್ತಾರೆ, ತನ್ನ ಪ್ರಶ್ನೆಗೆ ಅದು ಹೇಗೆ ಹೊಂದುತ್ತದೆ. ಮತ್ತೊಂದರಲ್ಲಿ ಖರ್ಚಿನ ಲೆಕ್ಕ. ಫೀಸು, ಬಾಡಿಗೆ, ವಿಮಾನದ ಟಿಕೇಟು, ಕೈಯಲ್ಲಿರುವುದೆಷ್ಟು, ಸಾಲ ತೀರಿಸುವ ದಾರಿ ಯಾವುದು. ಪಾಲಕರು ಮನೆ ಅಡವಿಡುವ ಯೋಚನೆಯಲ್ಲಿದ್ದರೆ ಈ ಲೆಕ್ಕ ಪ್ರಬಂಧಕ್ಕಿಂತಲೂ ಮುಖ್ಯ.

ಇಷ್ಟಾದ ಮೇಲೆ ಅರ್ಜಿಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿ, ಪದಮಿತಿ ನೋಡಿಕೊಂಡು, ಬೇಕಾದ ಮೂರ್ನಾಲ್ಕು ಸಂಗತಿಗಳಿಗೆ ಗುರುತು ಹಾಕಿದರೆ ಬರವಣಿಗೆಗೆ ಎರಡು ಸಂಜೆ ಸಾಕು. ಶಿಫಾರಸು ಪತ್ರ ಬೇಕಿದ್ದರೆ ಪ್ರಾಧ್ಯಾಪಕರಿಗೂ ಈ ಟಿಪ್ಪಣಿಯ ಪ್ರತಿಯೊಂದನ್ನು ಮೊದಲೇ ತಲುಪಿಸಬೇಕು. ಅವರು ರಜೆಯಲ್ಲಿ ಊರಿಗೆ ಹೋದ ಮೇಲೆ ಸಹಿಗಾಗಿ ಯಾರ ಬಾಗಿಲು ತಟ್ಟುವುದು?